ಪ್ರಗತಿಪತ್ರಕದ ಭಾಷೆ

ನಮ್ಮ ಗಡಹಿಂಗ್ಲಜ ಸೀಮೆಯು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1917ರಲ್ಲಿ, ಶಾಹೂ ಮಹಾರಾಜರು ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ವಿಧಿಸಿದರು. ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯವು ಉದಯಿಸಿತು. ಆಳ್ವಿಕೆ ಬದಲಾದರೂ ಮಗುವಿನ ಜಾಣ್ಮೆಯನ್ನು ಬಹುಕಾಲ ಅಳೆದುದು ಪರೀಕ್ಷೆಯ ಅಂಕಗಳೇ.

2009ರ ಶಿಕ್ಷಣ ಹಕ್ಕಿನ ಕಾಯದೆಯನ್ನನುಸರಿಸಿ ಮಹಾರಾಷ್ಟ್ರವು 2010ರಲ್ಲಿ ಸತತ ಸರ್ವಂಕಷ ಮೌಲ್ಯಮಾಪನವನ್ನು ಜಾರಿಗೆ ತಂದಿತು. ಅಂಕಗಳ ಸ್ಥಾನದಲ್ಲಿ ಶ್ರೇಣಿಯೂ ಶಿಕ್ಷಕರ ವರ್ಣನಾತ್ಮಕ ಷರಾಗಳೂ ಬಂದವು. 2017ರಲ್ಲಿ ಇಯತ್ತೆವಾರು ಕಲಿಕೆಯ ಫಲಗಳು ಕೇಂದ್ರದ ನಿಯಮಗಳಲ್ಲಿ ಸೇರಿದವು. ಅಂದಿನಿಂದ ಪಾಲಕರು ಕೇಳತಕ್ಕ ಪ್ರಶ್ನೆ ‘ಎಷ್ಟನೆಯ ನಂಬರು?’ ಎಂಬುದಲ್ಲ, ‘ಮಗು ಪಾಠವನ್ನು ತಾನೇ ಓದಬಲ್ಲುದೇ? ಲೆಕ್ಕವನ್ನು ತಾನೇ ಬಿಡಿಸಬಲ್ಲುದೇ?’ ಎಂಬುದು. 2023ರಲ್ಲಿ ಐದನೆಯ ಹಾಗೂ ಎಂಟನೆಯ ಇಯತ್ತೆಗಳಿಗೆ ವಾರ್ಷಿಕ ಪರೀಕ್ಷೆಯು ಮರಳಿತಾದರೂ ಈ ಪ್ರಶ್ನೆಯ ಬೆಲೆ ಕುಂದಲಿಲ್ಲ.

ಆದರೆ ಒಂದು ಮಾತನ್ನು ಮರೆಯಲಾಗದು. ಅಂಕಿಯನ್ನು ಯಾವ ಭಾಷೆಯವರಾದರೂ ಓದಿಯಾರು. ಷರಾವನ್ನು ಓದಲು ಭಾಷೆ ಬೇಕು. ಹಲಕರ್ಣಿಯಂಥ ಗಡಿಯೂರಿನಲ್ಲಿ, ಕನ್ನಡವೊಂದನ್ನೇ ಓದಬಲ್ಲ ತಾಯಿಯ ಕೈಗೆ ಮರಾಠಿಯ ಷರಾ ಬಂದರೆ, ಹೊಸ ಪತ್ರಕವು ಹಳೆಯದಕ್ಕಿಂತಲೂ ಮೂಕವಾಗುವುದು. ಕನ್ನಡದಲ್ಲಿ ಕಲಿತ ಮಗುವಿನ ಪ್ರಗತಿಯ ಸುದ್ದಿ ಕನ್ನಡದಲ್ಲಿಯೇ ಮನೆಗೆ ಬರಬೇಕು. ಪಾಲಕರು ಅದನ್ನು ಓದಿಯೇ ಸಹಿ ಮಾಡಬೇಕು.