ಡ್ರೈವರ್ ಇಲ್ಲದೆ ಬಸ್ಸಿನ ಹಿಂದೆ ಓಡುವ ಕಾರು: ಬರೀ ನ್ಯೂಟ್ರಲ್‌ಗೆ ಹಾಕಿದರೆ ಸಾಕೇ?

ಅಮೆರಿಕದ ಒಂದು ಹೈವೇ. ಬಸ್ಸಿನಷ್ಟು ದೊಡ್ಡ ಗಾಡಿಯೊಂದು ಹೋಗುತ್ತಿದೆ. ಅದರ ಬೆನ್ನಿಗೇ ಒಂದು ಜೀಪು. ಮುಂದಿನ ಗಾಡಿ ತಿರುಗಿದತ್ತ ತಿರುಗುತ್ತದೆ, ನಿಂತಲ್ಲಿ ನಿಲ್ಲುತ್ತದೆ. ಜೀಪಿನ ಡ್ರೈವರ್ ಸೀಟು ಮಾತ್ರ ಖಾಲಿ! ಇಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೆ ಬರುವ ವಿವರಣೆ ಸಾಮಾನ್ಯವಾಗಿ ಎರಡರಲ್ಲೊಂದು: "ಇದು ತಾನೇ ಓಡುವ ಕಾರು" ಅಥವಾ "ನ್ಯೂಟ್ರಲ್‌ಗೆ ಹಾಕಿ ಕಟ್ಟಿದರೆ ಆಯಿತು, ಯಾವ ಕಾರನ್ನಾದರೂ ಹೀಗೆ ಎಳೆಯಬಹುದು".

ಮೊದಲನೆಯದು ತಪ್ಪು, ಆದರೆ ನಂಬಿದರೂ ಅಂಥ ನಷ್ಟವೇನಿಲ್ಲ. ಎರಡನೆಯದೂ ತಪ್ಪು. ಅದನ್ನು ನಂಬಿ ಮಾಡಲು ಹೋದರೆ ಗೇರ್‌ಬಾಕ್ಸ್ ಹಾಳಾಗುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಹಾಗಾಗಿ ನಾವಿಲ್ಲಿ ಎರಡನೆಯದರ ಬಗ್ಗೆಯೇ ಹೆಚ್ಚು ಮಾತಾಡುತ್ತೇವೆ.

ಅಷ್ಟಕ್ಕೂ ಕಾರನ್ನು ಯಾಕೆ ಎಳೆದೊಯ್ಯುತ್ತಾರೆ?

ಮುಂದಿರುವುದು ಬಸ್ಸಲ್ಲ, ಮೋಟರ್‌ಹೋಮ್. ಅಡುಗೆಮನೆ, ಮಂಚ, ಶೌಚಾಲಯ ಎಲ್ಲ ಇರುವ, ಚಕ್ರದ ಮೇಲಿನ ಮನೆ. ದೊಡ್ಡವು 45 ಅಡಿಯವರೆಗೂ ಇರುತ್ತವೆ. ಅಮೆರಿಕದಲ್ಲಿ ನಿವೃತ್ತರಾದ ಅನೇಕ ದಂಪತಿಗಳು ತಿಂಗಳುಗಟ್ಟಲೆ ಇದರಲ್ಲೇ ಊರೂರು ಸುತ್ತುತ್ತಾರೆ. ಒಂದು ಕಡೆ ತಂಗಿ ನೀರು, ಕರೆಂಟು ಜೋಡಿಸಿಕೊಂಡ ಮೇಲೆ ಒಂದು ಪ್ಯಾಕೆಟ್ ಹಾಲು ಬೇಕೆಂದರೆ ಇಡೀ ಮನೆಯನ್ನು ಅಂಗಡಿಗೆ ಓಡಿಸಲಾಗುತ್ತದೆಯೇ? ಅದಕ್ಕೇ ಹಿಂದೊಂದು ಕಾರು.

ಕಾರಿನ ನಾಲ್ಕೂ ಚಕ್ರ ನೆಲದ ಮೇಲೇ ಉರುಳುವಂತೆ ಎಳೆಯುವುದಕ್ಕೆ ಫ್ಲಾಟ್ ಟೋಯಿಂಗ್ ಎನ್ನುತ್ತಾರೆ. ಹೀಗೆ ಎಳೆಸಿಕೊಳ್ಳುವ ಕಾರಿಗೆ ಅಲ್ಲಿಯವರು ಪ್ರೀತಿಯಿಂದ 'ಟೋಡ್' ಎಂದು ಹೆಸರಿಟ್ಟಿದ್ದಾರೆ. ಇಂಗ್ಲಿಷಿನಲ್ಲಿ 'ಎಳೆಯಲ್ಪಟ್ಟದ್ದು' ಮತ್ತು 'ನೆಲಗಪ್ಪೆ' ಎರಡಕ್ಕೂ ಉಚ್ಚಾರ ಒಂದೇ!

ಕಣ್ಣಿಗೆ ಕಾಣುವ ಸಲಕರಣೆ

ಮೋಟರ್‌ಹೋಮಿನ ಹಿಂಭಾಗದಲ್ಲಿ, ಷಾಸಿಗೆ ಬಿಗಿದ ಚೌಕಾಕಾರದ ಕೊಳವೆಯೊಂದು ಇರುತ್ತದೆ. ಅದು ಹಿಚ್. ಕಾರಿನ ಮುಂಭಾಗದಲ್ಲಿ ಬಂಪರಿನ ಒಳಗೆ, ಕಾರಿನ ಚೌಕಟ್ಟಿಗೇ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ಪಟ್ಟಿ ಬೇಸ್ ಪ್ಲೇಟ್. ಇದನ್ನು ಆಯಾ ಮಾಡೆಲ್ ಕಾರಿಗೆಂದೇ ಮಾಡಿರುತ್ತಾರೆ, ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಇವೆರಡನ್ನು ಜೋಡಿಸುವುದು ಟೋ ಬಾರ್. ಇಂಗ್ಲಿಷಿನ 'ಎ' ಅಕ್ಷರದ ಆಕಾರದ, ಎರಡು ಕಾಲುಗಳ ಗಟ್ಟಿ ಸರಳು. ಕೆಲಸದಲ್ಲಿ ನಮ್ಮ ಎತ್ತಿನ ಗಾಡಿಯ ಮೂಕಿ ಇದ್ದಂತೆ. ಹಗ್ಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಹಗ್ಗ ಎಳೆಯಬಲ್ಲದು, ತಡೆಯಲಾರದು. ಮುಂದಿನ ಗಾಡಿ ನಿಂತರೆ ಹಗ್ಗದ ತುದಿಯ ಕಾರು ಹೋಗಿ ಗುದ್ದುತ್ತದೆ.

ಸ್ಟೀರಿಂಗ್ ಹಿಡಿಯುವವರಿಲ್ಲದೆ ಕಾರು ತಿರುಗುವುದು ಹೇಗೆ? ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯ ಚಕ್ರ ನೋಡಿ. ಎಳೆದತ್ತ ತಾನೇ ತಿರುಗಿಕೊಳ್ಳುತ್ತದೆ. ಕಾರಿನ ಮುಂದಿನ ಚಕ್ರಗಳನ್ನೂ ಹೆಚ್ಚುಕಡಿಮೆ ಅದೇ ಗುಣ ಬರುವಂತೆ ಕೂರಿಸಿರುತ್ತಾರೆ. ಸ್ಟೀರಿಂಗ್ ಲಾಕ್ ಬಿದ್ದಿರಬಾರದು, ಅಷ್ಟೇ. ರಿವರ್ಸ್‌ನಲ್ಲಿ ಮಾತ್ರ ಇದೇ ಗುಣ ಶತ್ರುವಾಗುತ್ತದೆ. ಚಕ್ರಗಳು ಪೂರ್ತಿ ಒಂದು ಪಕ್ಕಕ್ಕೆ ಹೊರಳಿ ಟೋ ಬಾರನ್ನೇ ಬಗ್ಗಿಸಿಬಿಡುತ್ತವೆ. ಹಾಗಾಗಿ ಟೋಡ್ ಕಟ್ಟಿಕೊಂಡವರು ಪೆಟ್ರೋಲ್ ಬಂಕಿನ ಒಳಗೆ ಹೋಗುವ ಮೊದಲು ಹೊರಬರುವ ದಾರಿ ನೋಡಿಕೊಳ್ಳುತ್ತಾರೆ. ಸಿಕ್ಕಿಕೊಂಡರೆ ಕಾರನ್ನು ಕಳಚಿಯೇ ಹಿಂದೆ ಬರಬೇಕು.

ಟೋ ಬಾರ್ ಸುಮಾರಾಗಿ ನೆಲಕ್ಕೆ ಸಮಾಂತರವಾಗಿರಬೇಕು. ಎರಡು ತುದಿಗಳ ಎತ್ತರದಲ್ಲಿ ಮೂರು-ನಾಲ್ಕು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದೆಂಬುದು ತಯಾರಕರ ಮಾತು. ಟೋ ಬಾರ್ ಕಳಚಿದರೆ ಹಿಡಿದುಕೊಳ್ಳಲೆಂದು ಎರಡು ಉಕ್ಕಿನ ಹಗ್ಗಗಳನ್ನು ಅಡ್ಡಡ್ಡ ಕಟ್ಟಿರುತ್ತಾರೆ. ಕಾರಿನ ಹಿಂದಿನ ದೀಪ, ಇಂಡಿಕೇಟರುಗಳು ಮೋಟರ್‌ಹೋಮಿನ ಜೊತೆಗೇ ಉರಿಯಲು ಒಂದು ವೈರು ಬೇಕು. ಪ್ರತಿಯೊಂದು ಭಾಗದ ಮೇಲೂ ಅದು ತಾಳುವ ತೂಕ ಬರೆದಿರುತ್ತದೆ. ಟೋ ಬಾರ್ 10,000 ಪೌಂಡಿನದಾಗಿದ್ದು ಹಿಚ್ 5,000 ಪೌಂಡಿನದಾದರೆ, ಅಂದರೆ ಸುಮಾರು 2,268 ಕಿಲೊದ್ದಾದರೆ, ಲೆಕ್ಕಕ್ಕೆ ಬರುವುದು 5,000 ಮಾತ್ರ.

ನ್ಯೂಟ್ರಲ್ ಎಂದರೆ ಏನು?

ವಿಡಿಯೊದಲ್ಲಿ ಕಾಣದೇ ಇರುವ ಸಂಗತಿ ಇಲ್ಲಿಂದ ಶುರು.

ಗೇರ್ ನ್ಯೂಟ್ರಲ್‌ಗೆ ಹಾಕಿದರೆ ಎಲ್ಲ ಬಿಡಿಸಿಕೊಂಡಂತೆ ಎಂದು ನಾವೆಲ್ಲ ತಿಳಿದಿರುತ್ತೇವೆ. ನಿಜವಾಗಿ ನ್ಯೂಟ್ರಲ್‌ನಲ್ಲಿ ಇಂಜಿನ್ನಿನ ಸಂಪರ್ಕ ತಪ್ಪುತ್ತದೆಯೇ ಹೊರತು ಚಕ್ರದ ಸಂಪರ್ಕ ತಪ್ಪುವುದಿಲ್ಲ. ಚಕ್ರ ಉರುಳಿದಷ್ಟೂ ಹೊತ್ತು ಗೇರ್‌ಬಾಕ್ಸಿನ ಒಳಗಿನ ಕೆಲವು ಭಾಗಗಳು ತಿರುಗುತ್ತಲೇ ಇರುತ್ತವೆ.

ತಿರುಗುವ ಲೋಹಕ್ಕೆ ಎಣ್ಣೆ ಬೇಕು. ಸಾಮಾನ್ಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಣ್ಣೆ ತಳ್ಳುವ ಪಂಪನ್ನು ಓಡಿಸುವುದು ಇಂಜಿನ್. ಎಳೆಸಿಕೊಳ್ಳುವಾಗ ಇಂಜಿನ್ ಆಫ್ ಆಗಿರುತ್ತದೆ, ಪಂಪ್ ನಿಂತಿರುತ್ತದೆ, ಚಕ್ರಗಳು ಮಾತ್ರ 100 ಕಿ.ಮೀ. ವೇಗದಲ್ಲಿ ಒಳಭಾಗಗಳನ್ನು ಒಣಗಿದಂತೆಯೇ ತಿರುಗಿಸುತ್ತಿರುತ್ತವೆ. ಮೇಲೆ ಏನೂ ಗೊತ್ತಾಗುವುದಿಲ್ಲ. ಊರು ತಲುಪಿ ಕಾರು ಸ್ಟಾರ್ಟ್ ಮಾಡಿ ಗೇರ್ ಹಾಕಿದಾಗ ಗೊತ್ತಾಗುತ್ತದೆ. ಮ್ಯಾನ್ಯುಯಲ್ ಗೇರ್‌ಬಾಕ್ಸಿನಲ್ಲಿ ಹಲ್ಲುಚಕ್ರಗಳು ಎಣ್ಣೆಯಲ್ಲೇ ಅರ್ಧ ಮುಳುಗಿ ತಿರುಗುತ್ತ ಎಣ್ಣೆ ಎರಚಿಕೊಳ್ಳುವುದರಿಂದ ಅನೇಕ ಕಾರುಗಳು ಇದನ್ನು ತಾಳುತ್ತವೆ. ಎಲ್ಲವೂ ಅಲ್ಲ.

ವಿಡಿಯೊಗಳಲ್ಲಿ ಹೆಚ್ಚಾಗಿ ಜೀಪ್ ರಾಂಗ್ಲರ್ ಕಾಣುವುದಕ್ಕೆ ಕಾರಣ ಇಲ್ಲಿದೆ. ಅದರಲ್ಲಿ ಗೇರ್‌ಬಾಕ್ಸಿನ ನಂತರ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇದೆ, ಅದಕ್ಕೆ ಅದರದೇ ನ್ಯೂಟ್ರಲ್ ಇದೆ. ಅದನ್ನು ಹಾಕಿದರೆ ಚಕ್ರಗಳ ಓಟ ಗೇರ್‌ಬಾಕ್ಸಿನವರೆಗೆ ಬರುವುದೇ ಇಲ್ಲ. ಆಟೊಮ್ಯಾಟಿಕ್ ರಾಂಗ್ಲರನ್ನು ಎಳೆಯುವಾಗ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲೂ ಮುಖ್ಯ ಗೇರ್ 'ಪಾರ್ಕ್'ನಲ್ಲೂ ಇರಬೇಕು. ಫಾರ್ವರ್ಡ್ ಹೇಳುವುದಕ್ಕೆ ತೀರಾ ಉಲ್ಟಾ!

ಒಂದೇ ಹೆಸರಿನ ಕಾರಿನಲ್ಲೂ ವರ್ಷ ಬದಲಾದರೆ ಉತ್ತರ ಬದಲಾಗಬಹುದು. ಹೋಂಡಾ ಸಿಆರ್-ವಿ ಅಮೆರಿಕದ ಟೋಡ್ ಪ್ರಿಯರ ಅಚ್ಚುಮೆಚ್ಚಿನ ಕಾರಾಗಿತ್ತು. ನಿಗದಿತ ಕ್ರಮದಲ್ಲಿ ಗೇರ್ ಬದಲಿಸಿ, ಕೆಲ ನಿಮಿಷ ಇಂಜಿನ್ ಓಡಿಸಿ, ಆಮೇಲೆ ಆಫ್ ಮಾಡಿ ಎಳೆಯಬಹುದಿತ್ತು. 2015ರ ಮಾಡೆಲ್‌ಗೆ ಸಿವಿಟಿ ಗೇರ್‌ಬಾಕ್ಸ್ ಬಂತು, ಆ ಅನುಮತಿ ಹೋಯಿತು. ಹೊರಗಿನಿಂದ ನೋಡಿದರೆ 2014ರದ್ದಕ್ಕೂ ಅದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಎಲೆಕ್ಟ್ರಿಕ್ ಕಾರುಗಳ ಕಥೆ ಇನ್ನೂ ಬೇರೆ. ಚಕ್ರ ಉರುಳಿದರೆ ಮೋಟಾರೇ ಡೈನಮೊ ಆಗಿ ವಿದ್ಯುತ್ ಹುಟ್ಟಿಸುತ್ತದೆ. ಟೆಸ್ಲಾದಂಥ ಕಾರುಗಳನ್ನು ನಾಲ್ಕೂ ಚಕ್ರ ನೆಲ ಬಿಟ್ಟಿರುವಂತೆ ಟ್ರಕ್ಕಿನ ಮೇಲೇ ಸಾಗಿಸಬೇಕೆಂದು ಕಂಪನಿಯೇ ಹೇಳುತ್ತದೆ.

ಹಿಂದಿನ ಕಾರಿಗೆ ಬ್ರೇಕ್ ಹಾಕುವವರು ಯಾರು?

"ಮುಂದಿನ ಗಾಡಿ ಅಷ್ಟು ದೊಡ್ಡದು, ಅದರ ಬ್ರೇಕೇ ಸಾಕಲ್ಲ" ಎಂದು ಅನಿಸುವುದು ಸಹಜ. ಒಂದು ಲೆಕ್ಕ ಮಾಡೋಣ. ಎರಡು ಟನ್ ತೂಕದ ಕಾರು 100 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿರುವ ಚಲನಶಕ್ತಿ ಸುಮಾರು 7.7 ಲಕ್ಷ ಜೂಲ್. ಅದೇ ಕಾರನ್ನು 39 ಮೀಟರ್ ಎತ್ತರದಿಂದ, ಅಂದರೆ ಹನ್ನೆರಡು-ಹದಿಮೂರು ಮಹಡಿಯ ಕಟ್ಟಡದ ತುದಿಯಿಂದ ಬಿಟ್ಟರೆ ನೆಲ ಮುಟ್ಟುವಾಗ ಇರುವಷ್ಟೇ ಶಕ್ತಿ. ಮೋಟರ್‌ಹೋಮಿನ ಬ್ರೇಕನ್ನು ಮೊದಲೇ ಭಾರವಾದ ಅದರದೇ ತೂಕಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಘಾಟಿ ಇಳಿಯುವಾಗ ಹಿಂದಿನಿಂದ ಇಷ್ಟು ಶಕ್ತಿ ತಳ್ಳುತ್ತ ಬಂದರೆ ನಿಲ್ಲುವ ದೂರ ಹೆಚ್ಚುತ್ತದೆ, ಬ್ರೇಕ್ ಕಾದು ಹಿಡಿತ ಬಿಡುತ್ತದೆ.

ಆದ್ದರಿಂದ ಟೋಡ್‌ಗೆ ಪ್ರತ್ಯೇಕ ಬ್ರೇಕ್ ವ್ಯವಸ್ಥೆ ಇಡುತ್ತಾರೆ. ಅಮೆರಿಕದಲ್ಲಿ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅನೇಕ ಕಡೆ 3,000 ಪೌಂಡ್ ದಾಟಿದರೆ ಬ್ರೇಕ್ ಕಡ್ಡಾಯ. ಒಂದು ಬಗೆಯದು ಸೂಟ್‌ಕೇಸಿನಷ್ಟು ದೊಡ್ಡ ಪೆಟ್ಟಿಗೆ. ಡ್ರೈವರ್ ಸೀಟಿನ ಮುಂದೆ ನೆಲದ ಮೇಲೆ ಕೂತು, ಮುಂದಿನ ಗಾಡಿ ನಿಧಾನವಾದದ್ದನ್ನು ಗ್ರಹಿಸಿ, ಕಬ್ಬಿಣದ ತೋಳಿನಿಂದ ಪೆಡಲ್ ಒತ್ತುತ್ತದೆ. ಒಂದರ್ಥದಲ್ಲಿ ಆ ಖಾಲಿ ಕಾರಿಗೂ ಒಬ್ಬ ಡ್ರೈವರ್ ಇದ್ದಾನೆ! ಇನ್ನೊಂದು ಬಗೆ ಕಾಯಮ್ಮಾಗಿ ಜೋಡಿಸಿದ್ದು. ಮೋಟರ್‌ಹೋಮಿನ ಏರ್ ಬ್ರೇಕಿನ ಗಾಳಿಯಿಂದಲೋ ಬ್ರೇಕ್ ಲೈಟಿನ ಸಂಕೇತದಿಂದಲೋ ನಡೆಯುತ್ತದೆ. ಇಂಜಿನ್ ಆಫ್ ಇದ್ದಾಗ ಪೆಡಲ್ ಒಂದೆರಡು ಒತ್ತಿಗೇ ಕಲ್ಲಿನಂತೆ ಗಟ್ಟಿಯಾಗುವುದನ್ನು ನೀವೂ ಗಮನಿಸಿರಬಹುದು. ಈ ಸಲಕರಣೆಗಳು ಅದಕ್ಕೂ ಪರಿಹಾರ ಇಟ್ಟುಕೊಂಡಿರಬೇಕಾಗುತ್ತದೆ.

ಟೋ ಬಾರ್ ಮುರಿದರೆ? ಒಂದು ತೆಳು ತಂತಿ ಎಳೆಯಲ್ಪಟ್ಟು, ಸ್ವಿಚ್ಚಿನ ಪಿನ್ನು ಕಿತ್ತುಬಂದು, ಕಾರಿನ ಬ್ರೇಕ್ ತಾನೇ ಬೀಳುತ್ತದೆ. ಇದಕ್ಕೆ ಬ್ರೇಕ್‌ಅವೇ ಸ್ವಿಚ್ ಎಂದು ಹೆಸರು. ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಹಿಂದಿನ ಕಾರಿನ ಬ್ರೇಕ್ ಸಿಕ್ಕಿಕೊಂಡರೆ ದೊಡ್ಡ ಇಂಜಿನ್ ಅದನ್ನು ಸುಮ್ಮನೆ ಎಳೆಯುತ್ತಲೇ ಹೋಗುತ್ತದೆ. ಮುಂದಿನವರಿಗೆ ಗೊತ್ತಾಗುವಷ್ಟರಲ್ಲಿ ಚಕ್ರದಲ್ಲಿ ಹೊಗೆ. ಅದಕ್ಕೆಂದೇ ಡ್ಯಾಶ್‌ಬೋರ್ಡಿನಲ್ಲಿ ಒಂದು ಸೂಚಕ ದೀಪ, ಹಿಂದೊಂದು ಕ್ಯಾಮೆರಾ.

ಇಷ್ಟೆಲ್ಲ ಸೇರಿದರೆ ಖರ್ಚು ಹಲವು ಸಾವಿರ ಡಾಲರ್. ಹಾಗಾಗಿಯೇ ಅನೇಕರು ಮುಂದಿನ ಎರಡು ಚಕ್ರ ಎತ್ತಿ ಕೂರಿಸುವ ಡಾಲಿಯನ್ನೋ ಪೂರ್ತಿ ಕಾರು ಹೊರುವ ಟ್ರೇಲರನ್ನೋ ಆರಿಸಿಕೊಳ್ಳುತ್ತಾರೆ.

ನಮ್ಮ ರಸ್ತೆಯಲ್ಲಿ?

ಭಾರತದ ರಸ್ತೆ ನಿಯಮ ಬೇರೆ. ಇಲ್ಲಿ ಕೆಟ್ಟುನಿಂತ ಕಾರನ್ನು ಎಳೆಯುವಾಗ, ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿರದಿದ್ದರೆ, ಸ್ಟೀರಿಂಗ್ ಹಿಂದೆ ಡ್ರೈವರ್ ಇರಲೇಬೇಕು. ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು. ವಿಡಿಯೊ ನೋಡಿ ಖಾಲಿ ಕಾರನ್ನು ಕಟ್ಟಿಕೊಂಡು ಹೊರಡುವಂತಿಲ್ಲ.

ಗೇರ್‌ಬಾಕ್ಸಿನ ಮಾತು ಮಾತ್ರ ನಮಗೂ ಅಷ್ಟೇ ನಿಜ. ಈಗ ನಮ್ಮ ಊರುಗಳಲ್ಲೂ ಆಟೊಮ್ಯಾಟಿಕ್, ಸಿವಿಟಿ, ಎಲೆಕ್ಟ್ರಿಕ್ ಕಾರುಗಳು ಹೆಚ್ಚಿವೆ. ಕಾರು ಕೆಟ್ಟಾಗ "ನ್ಯೂಟ್ರಲ್‌ಗೆ ಹಾಕಿ ಸಾರ್, ಹಗ್ಗ ಕಟ್ಟಿ ಎಳೆದುಬಿಡೋಣ" ಎಂದು ಸಹಾಯಕ್ಕೆ ಬರುವವರು ಮ್ಯಾನ್ಯುಯಲ್ ಕಾರಿನ ಅನುಭವದಿಂದ ಹೇಳುತ್ತಿರುತ್ತಾರೆ. ನಿಮ್ಮದು ಆಟೊಮ್ಯಾಟಿಕ್ ಅಥವಾ ಎಲೆಕ್ಟ್ರಿಕ್ ಆಗಿದ್ದರೆ ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಗಾಡಿಯನ್ನೇ ಕೇಳಿ. ಮ್ಯಾನ್ಯುಯಲ್ ಕಾರನ್ನು ಹತ್ತಿರದ ಗ್ಯಾರೇಜಿನವರೆಗೆ ಎಳೆಸುವಾಗಲೂ ಕೀ ತೆಗೆಯಬೇಡಿ, ತೆಗೆದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಸ್ಟೀರಿಂಗ್, ಬ್ರೇಕ್ ಎರಡೂ ಎಂದಿಗಿಂತ ಬಿಗಿ ಇರುತ್ತವೆ.

ಕಾರಿನ ಜೊತೆ ಬಂದ ಕೈಪಿಡಿಯಲ್ಲಿ 'ಟೋಯಿಂಗ್' ಎಂಬ ಪುಟ ಇರುತ್ತದೆ. ನಿಮ್ಮ ಮಾಡೆಲನ್ನು ಹೇಗೆ ಎಳೆಯಬಹುದು, ಎಷ್ಟು ವೇಗ, ಎಷ್ಟು ದೂರ ಎಂಬುದನ್ನು ಅಲ್ಲಿ ಕೊಟ್ಟಿರುತ್ತಾರೆ. ಆ ಪುಟದ ಒಂದು ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.