ಕಚೇರಿಯ ಬಾಗಿಲಲ್ಲಿ ಒಂದು ಕರಪತ್ರ

ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿ ಕೇಂದ್ರ. ಸುತ್ತಲಿನ ಹಳ್ಳಿಗಳವರು ವೃದ್ಧಾಪ್ಯ ವೇತನಕ್ಕೆ, ವಿಧವಾ ವೇತನಕ್ಕೆ, ಜಾತಿ-ಆದಾಯ ಪತ್ರಕ್ಕೆ ನಾಡಕಚೇರಿಯನ್ನು ಹುಡುಕಿಕೊಂಡು ಹೋಗುವುದುಂಟು. ಅರ್ಜಿ ತಿರಸ್ಕಾರವಾದರೆ ಮುಂದೇನು ಮಾಡಬಹುದು ಎಂದು ಅಚ್ಚು ಹಾಕಿಸಿದ ಕರಪತ್ರವನ್ನು ಅಂಥ ಕಚೇರಿಯೊಳಗೆ ಕಾದು ಕೂತವರ ಕೈಗೆ ಕೊಡಲು ಹೊರಗಿನವರಿಗೆ ಹಕ್ಕಿದೆಯೇ? ಪ್ರಶ್ನೆ ಸಣ್ಣದು; ಆದರೆ ಅದರ ಬೇರು ಇದೇ ತಾಲ್ಲೂಕಿನ ಚರಿತ್ರೆಯಲ್ಲೂ ಇದೆ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಯಿತು. ಕಾಂಗ್ರೆಸ್ ಬಾವುಟ ಹಾರಿಸಬಾರದೆಂದು ಸರ್ಕಾರದ ನಿಷೇಧಾಜ್ಞೆ ಇತ್ತು. ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಅದನ್ನು ಮುರಿದು ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಕೊನೆಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ವಲ್ಲಭಭಾಯಿ ಪಟೇಲರ ನಡುವೆ ಒಪ್ಪಂದವಾಗಿ, ರಾಜ್ಯದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟಕ್ಕೂ ಜಾಗ ಸಿಕ್ಕಿತು. ಶಿವಪುರಕ್ಕೆ ಎರಡು ವಾರ ಮುಂಚೆ, ಮಾರ್ಚ್ 28ರಂದು, ಅಮೆರಿಕದ ಸುಪ್ರೀಂ ಕೋರ್ಟು ಆಲ್ಮಾ ಲೊವೆಲ್ ಎಂಬ ಮಹಿಳೆಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತ್ತು: ಕರಪತ್ರ ಹಂಚಲು ನಗರದ ಅಧಿಕಾರಿಯ ಅಪ್ಪಣೆ ಬೇಕೆಂಬ ಗ್ರಿಫಿನ್ ಪಟ್ಟಣದ ನಿಯಮ ಊರ್ಜಿತವಲ್ಲ. ಎರಡೂ ಕಡೆ ಜಗಳ ಒಂದೇ: ಮಾತಾಡುವ ಮೊದಲು ಅಪ್ಪಣೆ ಕೇಳಬೇಕೆ?

ಸ್ವತಂತ್ರ ಭಾರತದ ಸಂವಿಧಾನ 19ನೇ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯ ಕೊಟ್ಟಿತು. ಅದು ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಎರಡು ತೀರ್ಪುಗಳು ತೋರಿಸುತ್ತವೆ. 1969ರ ನಿರಂಜನ್ ಸಿಂಗ್ ಪ್ರಕರಣದಲ್ಲಿ, ರೈಲ್ವೆ ಆವರಣದೊಳಗೆ ಕಾರ್ಮಿಕ ಸಭೆ ನಡೆಸಲು ಯಾರಿಗೂ ಮೂಲಭೂತ ಹಕ್ಕಿಲ್ಲ, ಸರ್ಕಾರವೂ ತನ್ನ ಆಸ್ತಿಗೆ ಒಡೆಯ ಎಂದಿತು ಸುಪ್ರೀಂ ಕೋರ್ಟು. 1972ರ ಹಿಮತ್ ಲಾಲ್ ಶಾ ಪ್ರಕರಣದಲ್ಲಿ, ಬೀದಿಯ ಸಭೆಗಳನ್ನು ಪೊಲೀಸರು ಮನಬಂದಂತೆ ತಡೆಯಲಾಗದು ಎಂದಿತು. ಬೀದಿ ಜನರದು, ಕಚೇರಿ ಸರ್ಕಾರದ್ದು.

ಆದರೆ 1974ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಪ್ರಕರಣವೊಂದರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಬೇರೆಯೇ ದಾರಿ ಹಿಡಿಯಿತು. ನೆರವು ಪಡೆಯುವವರ ಸಂಘಟನೆಯೊಂದು ಕಲ್ಯಾಣ ಕಚೇರಿಯ ಕಾಯುವ ಕೋಣೆಯಲ್ಲೇ ಕರಪತ್ರ ಹಂಚಬಹುದು ಎಂದಿತು.

ನನಗೆ ಈ ವಾದವೇ ಹೆಚ್ಚು ಸರಿ ಕಾಣುತ್ತದೆ. ವೇತನ ನಿಂತುಹೋದ ಹತ್ತು ಹಳ್ಳಿಗಳ ಹತ್ತು ಮುದುಕಿಯರು ಬೀದಿಯಲ್ಲಿ ಒಟ್ಟಿಗೆ ಸಿಗುವುದಿಲ್ಲ. ಕಚೇರಿಯ ಬೆಂಚಿನ ಮೇಲೆ ಸಿಗುತ್ತಾರೆ. ಕೆಲಸಕ್ಕೆ ಅಡ್ಡಿ ಬಾರದಂತೆ ಹೊತ್ತು, ಜಾಗ ಗೊತ್ತುಮಾಡಲಿ. ಬಾಯಿ ಮುಚ್ಚಿಸುವುದು ಬೇರೆ ಮಾತು.

ನಮ್ಮಲ್ಲಿ ಈ ಕೊರತೆಯನ್ನು ಸ್ವಲ್ಪ ತುಂಬಿದ್ದು 2005ರ ಮಾಹಿತಿ ಹಕ್ಕು ಕಾಯ್ದೆ. ಅದರ 4ನೇ ಕಲಮಿನ ಪ್ರಕಾರ ಕಚೇರಿಯೇ ತನ್ನ ಮಾಹಿತಿಯನ್ನು ಸ್ಥಳೀಯ ಭಾಷೆಯಲ್ಲಿ ಜನರಿಗೆ ಮುಟ್ಟಿಸಬೇಕು, ತನ್ನ ತೀರ್ಮಾನಕ್ಕೆ ಕಾರಣವನ್ನು ಬಾಧಿತರಿಗೆ ತಿಳಿಸಬೇಕು. 2011ರ ಸಕಾಲ ಕಾಯ್ದೆ ಸೇವೆ ತಡವಾದರೆ, ನಿರಾಕರಿಸಿದರೆ ಮೇಲ್ಮನವಿಗೂ ಅವಕಾಶ ಕೊಟ್ಟಿತು. ಇವೆರಡೂ ದೊಡ್ಡ ಗಳಿಕೆಗಳೇ. ಆದರೂ ಗೋಡೆಯ ಫಲಕ ಹೇಳುವುದು ಕಚೇರಿಯ ಮಾತನ್ನು. ಕಚೇರಿಯೇ ತಪ್ಪಿದಾಗ ಏನು ಮಾಡಬೇಕೆಂದು ಹೇಳಲು ಇನ್ನೊಬ್ಬರ ದನಿ ಬೇಕು. ಶಿವಪುರದಲ್ಲಿ ಜನ ಕೇಳಿದ್ದೂ ಅದನ್ನೇ: ಸರ್ಕಾರದ ಬಾವುಟದ ಪಕ್ಕದಲ್ಲಿ ತಮ್ಮದಕ್ಕೂ ಒಂದಿಷ್ಟು ಜಾಗ.