ನಮ್ಮೂರ ಓಣಿ – 6: ನೀರಿನ ಗೆರೆ

ಗೋಕಾಕದ ಹಳೇ ಪ್ಯಾಟ್ಯಾಗ ಮನಿ ಕೊಳ್ಳೋರು ಉತಾರ ನೋಡ್ತಾರ, ಬೋಜಾ ನೋಡ್ತಾರ. ಗ್ವಾಡಿ ನೋಡೋದು ಮರೀತಾರ.

ಇಲ್ಲಿಗೆ ನೀರು ಒಂದೇ ದಿಕ್ಕಿನಿಂದ ಬರೋದಿಲ್ಲ. ಹಿರಣ್ಯಕೇಶಿ ಹುಕ್ಕೇರಿ ಸೀಮೆ ಹಾದು ಘಟಪ್ರಭೆ ಸೇರುತ್ತದೆ. ಬೆಳಗಾವಿ ಕಡೆಯ ಮಾರ್ಕಂಡೇಯ ಗೋಕಾಕದ ಹತ್ತಿರ ಕೂಡಿಕೊಳ್ಳುತ್ತದೆ. ಹಿಡಕಲ್ ಡ್ಯಾಮು ಇವೆರಡನ್ನೂ ತಡೆಯೋದಿಲ್ಲ.

2019ರ ಆಗಸ್ಟ್‌ನಲ್ಲಿ ಮೂರೂ ಒಟ್ಟಿಗೇ ಉಕ್ಕಿದವು. ಲೋಳಸೂರ ಸೇತುವೆ ಮುಳುಗಿತು. ದನದ ಪೇಟೆ, ಮಟನ್ ಮಾರ್ಕೆಟ್ ಸುತ್ತಲಿನ ಮನೆಗಳಿಗೆ ನೀರು ನುಗ್ಗಿತು. 2021ರ ಜುಲೈದಾಗ ಮತ್ತ! ಅದೇ ನೀರು ಮುಂದೆ ಮೂಡಲಗಿ ತಾಲೂಕಿನ ಹೊಲಗಳಿಗೆ.

ಆದರೂ ಈ ಪ್ಯಾಟಿ ಬಿಡಾಕ ಮನಸ್ಸಾಗೂದಿಲ್ಲ, ನನಗೂ. ಕರದಂಟಿನ ಅಂಗಡಿ, ಸಂತಿ, ಗುಡಿ, ಎಲ್ಲಾ ನಡಕೊಂಡು ಹೋಗೋವಷ್ಟು ಹತ್ರ.

ಗ್ವಾಡಿಗೆ ಹೊಸಾ ಬಣ್ಣ ಹಚ್ಚಿದ್ರ, ಬಾಜೂ ಮನಿ ಆಯೀನ್ನ ಕೇಳ್ರಿ: "ಆಯಿ, ನೀರು ಎಲ್ಲೀತನಕಾ ಬಂದಿತ್ರೀ?" ಕೈ ಎತ್ತಿ ತೋರಿಸ್ತಾರ.